ನೂರು ಮೈಲಿಗೊಂದು ನಿಲುಗಡೆ

ಜನವರಿ 9, ಗುರುವಾರ

ಈ ಕಥೆಯನ್ನು ಮೊದಲು ಹೇಳಿದವನು ಮರ್ಲ್. ಹೇಳಿದ್ದು ಇವತ್ತು ಸಂಜೆ, ನಾಲ್ಕು ಗಂಟೆಗೆ ನಾವೆಲ್ಲ ನಮ್ಮನಮ್ಮ ಕುರ್ಚಿ ಹೊತ್ತುಕೊಂಡು ಹೋಗಿ ದುಂಡಗೆ ಕೂರುತ್ತೇವಲ್ಲ, ಅಲ್ಲಿ. ಗಾಳಿ ಇದ್ದುದರಿಂದ ಬೆಂಕಿ ಹಾಕಿರಲಿಲ್ಲ. ಎಲ್ಲರೂ ಕಂಬಳಿ ಹೊದ್ದು ಮೂಗಷ್ಟೇ ಹೊರಗಿಟ್ಟಿದ್ದರು. ಮರ್ಲ್ ಜೀವಮಾನವೆಲ್ಲ ಲಾರಿ ಓಡಿಸಿದವನು. ಕಥೆ ಹೇಳುವಾಗಲೂ ಗೇರ್ ಬದಲಿಸುವವನಂತೆ ಬಲಗೈ ಆಡಿಸುತ್ತಿರುತ್ತಾನೆ.

"ಗೀಲಾ ಬೆಂಡ್ ಊರು ದಾಟಿ ಸ್ವಲ್ಪ ದೂರ. ರಸ್ತೆ ಪಕ್ಕ ಒಂದು ಮೋಟರ್‌ಹೋಮ್ ನಿಂತಿತ್ತು. ಹೊಚ್ಚ ಹೊಸದು, ಬೆಳ್ಳಗೆ, ಚೌಕಾಕಾರ, ಥೇಟ್ ಟೋಸ್ಟರ್. ಗಾಡಿ ನಿಲ್ಸಿ, 'ಏನಪ್ಪಾ, ಪೆಟ್ರೋಲ್ ಬೇಕಾ?' ಅಂದೆ. 'ಇಲ್ಲ ಸಾರ್, ಇದು ಕರೆಂಟಿಂದು' ಅಂದ. 'ಹಂಗಾದ್ರೆ ಆ ಕಳ್ಳಿಗಿಡದ ಹಿಂದ್ಗಡೆ ಪ್ಲಗ್ ಪಾಯಿಂಟ್ ಇರ್ಬೋದು ನೋಡು' ಅಂತ ಹೇಳಿ ಬಂದೆ."

ಕಂಬಳಿಗಳೆಲ್ಲ ಕುಲುಕಾಡಿದವು. ನಾನೂ ನಕ್ಕೆ. ಅವನ ಹೆಂಡತಿ ಡಾಟ್ ಮಾತ್ರ, "ನಗೋದು ಸಾಕು, ಇನ್ನೊಂದು ಸುದ್ದಿ ಹೇಳು" ಅಂದಳು.

ಇನ್ನೊಂದು ಸುದ್ದಿ ಇದು: ಚಳಿಗಾಲ ಕಳೆಯಲು ಉತ್ತರದವರೆಲ್ಲ ಮನೆಗಾಡಿ ತಂದು ನಿಲ್ಲಿಸುವ, ಅರಿಜೋನಾದ ನಮ್ಮ ಈ ಪಾರ್ಕನ್ನು ಯಾವುದೋ ಕಂಪನಿ ಕೊಂಡಿದೆ. ಏಪ್ರಿಲ್‌ನಿಂದ ಹತ್ತು ವರ್ಷಕ್ಕಿಂತ ಹಳೆಯ ಗಾಡಿಗೆ ಇಲ್ಲಿ ಜಾಗವಿಲ್ಲ. ಹಳೆಯ ಕರೆಂಟ್ ಕಂಬಗಳ ಸಾಲು ಕಿತ್ತು ಹಾಕಿ, ಕರೆಂಟಿನ ಗಾಡಿಗಳಿಗೆ ಚಾರ್ಜರ್ ಹಾಕುತ್ತಾರಂತೆ.

ಅಷ್ಟು ಕೇಳಿದ ಮೇಲೆ ಯಾರೂ ನಗಲಿಲ್ಲ. ಈ ಸಾಲಿನಲ್ಲಿ ಹೆಚ್ಚಿನವು ಹಳೆಯ ಗಾಡಿಗಳೇ. ಮರ್ಲ್‌ನದು ಹಳೆಯದು, ನನ್ನ ಗಂಡ ಲೈಲ್‌ನದು ಅದಕ್ಕಿಂತ ಹಳೆಯದು.

ಲೈಲ್ ನವೆಂಬರಿನಲ್ಲಿ ತೀರಿಹೋದ. ಅಕ್ಟೋಬರಿನಲ್ಲಿ ಡಕೋಟಾದಿಂದ ಓಡಿಸಿಕೊಂಡು ಬಂದು, ಈ ಜಾಗದಲ್ಲಿ ನಿಲ್ಲಿಸಿ, ಕೀಲಿಯನ್ನು ಮೊಳೆಗೆ ನೇತುಹಾಕಿದ್ದೇ ಅವನ ಕೊನೆಯ ಪ್ರಯಾಣ. ನಾನು ಒಂದು ದಿನವೂ ಈ ಗಾಡಿ ಓಡಿಸಿದವಳಲ್ಲ. ಮನೆ ಮಾರಿ ವರ್ಷಗಳಾದವು. ನನಗೆ ಇರುವ ಮನೆ ಇದೊಂದೇ, ಇದಕ್ಕೆ ಚಕ್ರವಿದೆ, ಅದನ್ನು ತಿರುಗಿಸುವವನು ಇಲ್ಲ.

ಊರಿನ ಪಾದ್ರಿ ಫೋನಿನಲ್ಲಿ ಹೇಳಿದ್ದರು, ದಿನಾ ಏನಾದರೂ ಬರೆ, ಕೊನೆಗೆ ಒಂದು ಕೃತಜ್ಞತೆ ಬರೆ ಅಂತ. ಬರೆಯುತ್ತೇನೆ.

ಇವತ್ತಿನ ಕೃತಜ್ಞತೆ: ನಲ್ಲಿಯಲ್ಲಿ ಬಿಸಿನೀರು ಬಂತು.


ಜನವರಿ 11, ಶನಿವಾರ

ಆಫೀಸಿಗೆ ಹೋಗಿ ಯೊಲಾಂಡಾಳನ್ನು ಕೇಳಿದೆ. ಪಾರ್ಕು ನೋಡಿಕೊಳ್ಳುವವಳು ಅವಳೇ.

"ಇದು ನಾನು ಮಾಡಿದ ನಿಯಮ ಅಲ್ಲಮ್ಮ ಸಿಗ್ನಿ. ಹಳೇ ಗಾಡಿ ಅಂದ್ರೆ ಹೊಸಬರು ಮೂಗು ಮುರೀತಾರಂತೆ. ನಿಮ್ಮ ಗಾಡಿ ಫೋಟೋ ಕಳಿಸಿ ನೋಡ್ತೀನಿ. ಚೆನ್ನಾಗಿ ಕಂಡ್ರೆ ಕೆಲವು ಕಡೆ ಒಪ್ತಾರೆ."

"ಚೆನ್ನಾಗಿ ಕಾಣ್ದಿದ್ರೆ?"

"ಮಾರ್ಚ್ ಕೊನೇತನಕ ಇರಿ. ಆಮೇಲೆ ನನ್ನ ಕೈಲಿಲ್ಲ."

ಬರುತ್ತಾ ನಮ್ಮ ಗಾಡಿಯನ್ನು ಹೊಸಬಳಂತೆ ನಿಂತು ನೋಡಿದೆ. ಬದಿಯ ಕಂದು ಪಟ್ಟಿ ಸಿಪ್ಪೆ ಎದ್ದಿದೆ. ಚಾವಣಿಯಿಂದ ಕಪ್ಪು ನೀರಿನ ಗೆರೆಗಳು ಇಳಿದಿವೆ. ನಾನಾದರೂ ಮೂಗು ಮುರಿಯುತ್ತಿದ್ದೆ.

ಫಾರ್ಗೋದಿಂದ ಮಗಳು ಫೋನ್ ಮಾಡಿದಳು. "ಅಮ್ಮ, ನಿನಗೆ ಅಂತ ಕೆಳಗಿನ ಕೋಣೆಗೆ ಹೊಸ ಪರದೆ ಹಾಕ್ಸಿದೀನಿ."

"ಕೆಳಗಿನ ಕೋಣೆ ಅಂದ್ರೆ ನೆಲಮಾಳಿಗೆ ಅಲ್ವಾ ಲಿವ್?"

"ಕಿಟಕಿ ಇದೆ ಅಮ್ಮ."

"ಇದೆ. ಅದರಲ್ಲಿ ಬರೀ ಜನರ ಬೂಟು ಕಾಣತ್ತೆ."

ಅವಳಿಗೆ ಬೇಸರವಾಯಿತು. ಹಾಗೆ ಹೇಳಬಾರದಿತ್ತು. ಆದರೆ ಇನ್ನೊಂದು ದಾರಿ ಇದೆ, ಅದನ್ನು ಅವಳಿಗೆ ಹೇಳಲಿಲ್ಲ. ಡಕೋಟಾದ ಕೆರೆಯಂಚಿನ ಕ್ಯಾಂಪಿನಲ್ಲಿ ಪ್ರತಿ ಬೇಸಿಗೆ ಲೈಲ್ ಮತ್ತು ನಾನು ಉಸ್ತುವಾರಿ ನೋಡಿಕೊಳ್ಳುತ್ತಿದ್ದೆವು. ಬಂದವರಿಗೆ ಜಾಗ ತೋರಿಸುವುದು, ಸೌದೆ ಕೊಡುವುದು, ಜಗಳ ಬಿಡಿಸುವುದು. ಅದಕ್ಕೆ ಪ್ರತಿಯಾಗಿ ನಮ್ಮ ಗಾಡಿಗೆ ಜಾಗ, ಕರೆಂಟು, ನೀರು. ಅಲ್ಲಿ ಗಾಡಿಯ ವಯಸ್ಸನ್ನು ಯಾರೂ ಕೇಳುವುದಿಲ್ಲ. ಕ್ಯಾಂಪಿನ ರೊಬರ್ಟಾ ಕ್ರಿಸ್‌ಮಸ್‌ಗೆ ಫೋನ್ ಮಾಡಿದಾಗ ಹೇಳಿದ್ದಳು: "ನೀನೊಬ್ಳೇ ಆದ್ರೂ ಬಾ. ಮೇ ಮೊದಲ ವಾರ ಇಲ್ಲಿದ್ರೆ ಕೆಲಸ ನಿಂದೇ. ಬರ್ದಿದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ, ಬೇಜಾರು ಮಾಡ್ಕೋಬೇಡ."

ಹೋಗುವುದು ಹೇಗೆ? ಲೈಲ್ ಈ ಗಾಡಿಯನ್ನು ಮೂರೇ ದಿನದಲ್ಲಿ ಮುಟ್ಟಿಸುತ್ತಿದ್ದ. ಬೆಳಕು ಹರಿಯುವ ಮೊದಲು ಹೊರಟರೆ ಕತ್ತಲಾದ ಮೇಲೆಯೇ ನಿಲ್ಲಿಸುವುದು. ನನ್ನ ಕೆಲಸ ನಕ್ಷೆ ಓದುವುದು, ಅವನ ಬಾಯಿಗೆ ಸ್ಯಾಂಡ್‌ವಿಚ್ ಕೊಡುವುದು.

ಇವತ್ತಿನ ಕೃತಜ್ಞತೆ: ಲಿವ್ ಫೋನ್ ಇಡುವ ಮೊದಲು ಸಿಟ್ಟು ಬಿಟ್ಟಳು.


ಜನವರಿ 16, ಗುರುವಾರ

ಗಾಡಿಗೆ ಬೆಲೆ ಕಟ್ಟಲು ಯೂಮಾದಿಂದ ಒಬ್ಬ ವ್ಯಾಪಾರಿ ಬಂದಿದ್ದ. ಗಾಡಿಯ ಮೈಯನ್ನೆಲ್ಲ ಕಲ್ಲಂಗಡಿ ತಟ್ಟುವವನಂತೆ ತಟ್ಟಿ ನೋಡಿದ. ಮನುಷ್ಯ ಕೆಟ್ಟವನಲ್ಲ.

"ಇದ್ದಿದ್ದು ಹೇಳ್ತೀನಿ ಮೇಡಂ. ಪೆಟ್ರೋಲಿಂದು ಹಳೇದು ಯಾರಿಗೂ ಬೇಡ. ಹೊಸದು ತೋರ್ಸಿದ್ರೆ, 'ಕರೆಂಟಿಂದು ಬರ್ಲಿ, ನೋಡೋಣ' ಅಂತಾರೆ. ಕರೆಂಟಿಂದು ತೋರ್ಸಿದ್ರೆ, 'ನೂರು ಮೈಲಿಗೇ ನಿಲ್ಲುತ್ತಂತಲ್ಲ' ಅಂತಾರೆ. ಎಲ್ರೂ ಕಾಯ್ತಾ ಇದಾರೆ. ನಾನೂ ಅಂಗಡಿ ಬಾಗ್ಲಲ್ಲಿ ಕಾಯ್ತಾ ಇದೀನಿ. ಯಾವುದಕ್ಕೆ ಅಂತ ಮಾತ್ರ ಗೊತ್ತಿಲ್ಲ."

ನನಗೆ ನಗು ಬಂತು. ಕಾಫಿ ಕೊಟ್ಟೆ. ಆಮೇಲೆ ಅವನು ಮುಂದೆ ಹೋಗಿ ಲೈಲ್‌ನ ಸೀಟಿನಲ್ಲಿ ಕೂತು, ಕೆಳಗಿನ ಸನ್ನೆಕೋಲಿಗೆ ಕೈ ಹಾಕಿದ, ಸೀಟು ಸರಿಸಲು.

"ಅದನ್ನ ಮುಟ್ಬೇಡಿ" ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅವನು ಎದ್ದುಬಿಟ್ಟ.

ಇವತ್ತಿನ ಕೃತಜ್ಞತೆ: ಸೀಟು ಸರಿಯಲಿಲ್ಲ.


ಜನವರಿ 19, ಭಾನುವಾರ

ಟೋಸ್ಟರ್ ನಮ್ಮಲ್ಲಿಗೇ ಬಂತು!

ಮಧ್ಯಾಹ್ನ ನನ್ನೆದುರಿನ ಖಾಲಿ ಜಾಗಕ್ಕೆ ಸದ್ದಿಲ್ಲದೆ ನುಗ್ಗಿ ನಿಂತಿತು. ಸದ್ದಿಲ್ಲದ ಗಾಡಿ ನೋಡಿದರೆ ಯಾಕೋ ಮೈ ಜುಮ್ಮೆನ್ನುತ್ತದೆ, ಬೆಕ್ಕು ಬಂದ ಹಾಗೆ. ಅದರಿಂದ ದಪ್ಪ ಮೀಸೆಯ ಒಬ್ಬ ಇಳಿದು, ಎಲ್ಲರಿಗೂ ಕೈ ಬೀಸಿ, ಕಂಬದ ಪ್ಲಗ್ಗಿಗೆ ತಂತಿ ಸಿಕ್ಕಿಸಿ ಒಳಗೆ ಹೋದ.

ಭಾನುವಾರ ನಮ್ಮಲ್ಲಿ ಸಹಭೋಜನ. ಬೆಳಗಿನಿಂದ ಎಲ್ಲರ ಗಾಡಿಯಲ್ಲೂ ನಿಧಾನಕ್ಕೆ ಬೇಯುವ ಕರೆಂಟ್ ಪಾತ್ರೆ ಇಟ್ಟಿರುತ್ತೇವೆ. ಡಾಟ್‌ನದು ಬೀನ್ಸು, ನನ್ನದು ಮಾಂಸದುಂಡೆ. ಚಳಿಯಿದ್ದುದರಿಂದ ಹೀಟರುಗಳೂ ಉರಿಯುತ್ತಿದ್ದವು. ಅವನು ತಂತಿ ಸಿಕ್ಕಿಸಿದ ಸ್ವಲ್ಪ ಹೊತ್ತಿಗೆ ಇಡೀ ಸಾಲಿನ ಕರೆಂಟು ಹೋಯಿತು. ಎಲ್ಲ ಬಾಗಿಲೂ ಒಟ್ಟಿಗೆ ತೆರೆದವು.

"ಯಾವನೋ ಅವ್ನು?" ಮರ್ಲ್ ಕೂಗಿದ. "ನಮ್ಮ ಊಟಾನೆಲ್ಲ ಗಾಡಿಗೆ ತಿನ್ನಿಸ್ತಾ ಇರೋನು!"

ಎಲೆಕ್ಟ್ರಿಷಿಯನ್ ಬರುವಷ್ಟರಲ್ಲಿ ಸಂಜೆಯಾಯಿತು. ಅಷ್ಟರಲ್ಲಿ ಮೀಸೆಯವನು ಒಂದೊಂದೇ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದ. ನನ್ನ ಬಾಗಿಲಿಗೂ ಬಂದ. "ನನ್ನ ಹೆಸರು ಆನ್ಸೆಲ್ಮೊ ಬಾಕಾ, ಮೇಡಂ. ನ್ಯೂ ಮೆಕ್ಸಿಕೋ. ಸ್ಕೂಲಲ್ಲಿ ಬ್ಯಾಂಡ್ ಮೇಷ್ಟ್ರಾಗಿದ್ದೆ. ನಿಮ್ಮ ಊಟ ಕೆಡಿಸಿದೆ. ನನ್ನ ಹತ್ರ ಹಸಿರು ಮೆಣಸಿನಕಾಯಿ ಸಾರಿದೆ, ಗ್ಯಾಸಲ್ಲಿ ಬಿಸಿ ಮಾಡೋಕೆ ಯಾರಾದ್ರೂ ಒಲೆ ಕೊಟ್ರೆ..."

"ನಿಮ್ಮಲ್ಲಿ ಗ್ಯಾಸ್ ಇಲ್ವಾ?"

"ಎಲ್ಲಾ ಕರೆಂಟೇ ಮೇಡಂ" ಅಂದ, ತಲೆ ತಗ್ಗಿಸಿ.

ಅರೆಬೆಂದ ಬೀನ್ಸಿನ ಮೇಲೆ ಅವನ ಸಾರು ಹಾಕಿಕೊಂಡು ತಿಂದೆವು. ಮರ್ಲ್ ಮೂರು ಸಲ ಹಾಕಿಸಿಕೊಂಡ. ಹಾಕಿಸಿಕೊಳ್ಳುವಾಗೆಲ್ಲ ಬೈದ.

ಇವತ್ತಿನ ಕೃತಜ್ಞತೆ: ಆ ಸಾರು.


ಜನವರಿ 22, ಬುಧವಾರ

ಕೆನಡಾದ ಆಲ್ಬರ್ಟಾದಿಂದ ಒಂದು ಜೋಡಿ ಬಂತು. ಕ್ಲಿಫರ್ಡ್ ಮತ್ತು ವಿಲ್ಮಾ. ಗಾಡಿಯನ್ನು ಹಿಂದಕ್ಕೆ ಬಿಡುವಾಗ ಎಲ್ಲ ಗಂಡಹೆಂಡಿರಿಗೂ ಆಗುವುದೇ ಅವರಿಗೂ ಆಯಿತು.

"ಎಡಕ್ಕೆ ಅಂದೆ!" ಅವಳು ಹಿಂದಿನಿಂದ.

"ಯಾರ ಎಡ? ನಿನ್ನ ಎಡವೋ ನನ್ನ ಎಡವೋ?" ಅವನು ಮುಂದಿನಿಂದ.

"ಮದುವೆ ಆದಾಗಿಂದ ಒಂದೇ ಎಡ ಇರೋದು, ಕ್ಲಿಫರ್ಡ್!"

ನಾನು ಪಾತ್ರೆ ತೊಳೆಯುತ್ತಿದ್ದವಳು ಯಾವಾಗ ಇಳಿದೆನೋ, ಯಾವಾಗ ಹೋಗಿ ಹಿಂದೆ ನಿಂತೆನೋ. ಕೈ ತಾನಾಗಿ ಎದ್ದಿತು. ಎಡ ಬಲ ಅನ್ನಬಾರದು, ಗಾಡಿಯ ಹಿಂಭಾಗ ಎಲ್ಲಿಗೆ ಹೋಗಬೇಕೋ ಅತ್ತ ಕೈ ತೋರಿಸಬೇಕು ಅಷ್ಟೇ. ಓಡಿಸುವವನ ಕನ್ನಡಿಯಲ್ಲಿ ನಮ್ಮ ಮುಖ ಕಾಣುತ್ತಿರಬೇಕು. ನಮಗೆ ಅವನ ಮುಖ ಕಾಣದಿದ್ದರೆ ಅವನಿಗೆ ನಾವು ಕಾಣುತ್ತಿಲ್ಲ ಅಂತ ಅರ್ಥ. ಒಂದೇ ಸಲಕ್ಕೆ ಒಳಗೆ ಹೋಯಿತು. ವಿಲ್ಮಾ ನನ್ನನ್ನು ತಬ್ಬಿಕೊಂಡಳು.

ಕೈಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ಲೈಲ್ ಇದ್ದಿದ್ದರೆ ನಗುತ್ತಿದ್ದ.


ಜನವರಿ 23, ಗುರುವಾರ

ಆನ್ಸೆಲ್ಮೊ ನಿನ್ನೆಯದನ್ನು ನೋಡಿದ್ದನಂತೆ. ಟೋಪಿ ಕೈಯಲ್ಲಿ ಹಿಡಿದು ಬಂದ. "ಮಿಸೆಸ್ ಹೌಗೆನ್, ನನಗದನ್ನ ಕಲಿಸ್ತೀರಾ?"

ಅವನ ಕಷ್ಟ ಹೀಗೆ: ಊರೂರಲ್ಲಿರುವ ಚಾರ್ಜರುಗಳೆಲ್ಲ ಕಾರಿಗೆಂದು ಮಾಡಿದವು. ತಂತಿ ಮೊಳದುದ್ದ. ಇಷ್ಟು ದೊಡ್ಡ ಗಾಡಿಯನ್ನು ಹಿಂದಕ್ಕೆ ನೆಟ್ಟಗೆ ಬಿಟ್ಟರಷ್ಟೇ ತಂತಿ ಮುಟ್ಟುತ್ತದೆ. ಇವನು ಒಬ್ಬನೇ. ಗೀಲಾ ಬೆಂಡಿನಲ್ಲಿ ಜಾಗಕ್ಕೆ ಹೋಗಲಾರದೆ ಕೈಬಿಟ್ಟು ಹೊರಟು, ಬ್ಯಾಟರಿ ಮುಗಿದು ರಸ್ತೆ ಪಕ್ಕ ನಿಂತುಬಿಟ್ಟ. ಆಗ ಯಾರೋ ಒಬ್ಬ ಲಾರಿ ಡ್ರೈವರಿನಂಥವನು ಬಂದು ಕಳ್ಳಿಗಿಡದಲ್ಲಿ ಪ್ಲಗ್ ಹುಡುಕು ಅಂದನಂತೆ.

"ಯಾರಂತ ಗೊತ್ತಾಯ್ತಾ?" ಅಂದೆ.

"ಗೊತ್ತಾಯ್ತು. ಅವರೇ ಮೂರು ಸಲ ಸಾರು ಹಾಕಿಸ್ಕೊಂಡ್ರು."

ಇಬ್ಬರೂ ನಕ್ಕೆವು. ಶನಿವಾರ ಹಿಂದಿನ ಬಯಲಿಗೆ ಬನ್ನಿ ಅಂದೆ.


ಜನವರಿ 25, ಶನಿವಾರ

ಬ್ಯಾಂಡ್ ಮೇಷ್ಟರಿಗೆ ಕೈಸನ್ನೆ ಬೇಗ ಅರ್ಥವಾಗುತ್ತದೆ. ಸ್ಟಿಯರಿಂಗ್ ಮಾತ್ರ ಬೇಗ ಅರ್ಥವಾಗುವುದಿಲ್ಲ. ಪೇಂಟ್ ಡಬ್ಬಿಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಹಿಂದಕ್ಕೆ ಬರಲು ಹೇಳಿದೆ. ಮೊದಲು ಎಲ್ಲ ಡಬ್ಬಿಗಳನ್ನೂ ಬೀಳಿಸಿದ. ಮಧ್ಯಾಹ್ನದ ಹೊತ್ತಿಗೆ ಒಂದೂ ಬೀಳಲಿಲ್ಲ. ಗಾಡಿಯಿಂದ ಇಳಿದು ಹುಡುಗನಂತೆ ಕುಣಿದ.

"ಈಗ ನಿಮ್ಮ ಗಾಡಿ ತನ್ನಿ. ನೀವು ಓಡ್ಸಿ, ನಾನು ನಿಲ್ತೀನಿ."

"ನನಗೆ ಬರಲ್ಲ."

"ಬರಲ್ವಾ? ಇಷ್ಟೊತ್ತು ಯಾವಾಗ ಏನು ತಿರುಗಿಸ್ಬೇಕು ಅಂತ ನನಗೆ ಹೇಳಿಕೊಟ್ಟಿದ್ದು ಯಾರು ಹಂಗಾದ್ರೆ?"

ಅಡುಗೆಯಿದೆ ಅಂತ ಹೇಳಿ ಬಂದುಬಿಟ್ಟೆ. ಅಡುಗೆ ಏನೂ ಇರಲಿಲ್ಲ. ನಿನ್ನೆಯ ಸೂಪು ಕುಡಿದೆ.

ಇವತ್ತಿನ ಕೃತಜ್ಞತೆ: ಬಿಸಿಲು.


ಫೆಬ್ರವರಿ 2, ಭಾನುವಾರ

ಲೈಲ್‌ನ ಸೀಟಿನಲ್ಲಿ ಕೂತೆ. ಅವನ ಕಾಲು ಉದ್ದ. ನನ್ನ ಪಾದ ಬ್ರೇಕ್ ಮುಟ್ಟಲಿಲ್ಲ. ಎದ್ದು ಬಂದೆ.


ಫೆಬ್ರವರಿ 8, ಶನಿವಾರ

ಸೀಟು ಮುಂದಕ್ಕೆ ಸರಿಸಿದೆ. ಕಿರ್ರ್ ಅಂತ ಸದ್ದು ಮಾಡಿ ಸರಿಯಿತು. ಅದು ಸರಿದ ಜಾಗದಲ್ಲಿ ಕಾರ್ಪೆಟ್ಟು ಹೊಸದರಂತಿತ್ತು. ಸ್ವಲ್ಪ ಅತ್ತೆ. ಆಮೇಲೆ ಕೀಲಿ ತೆಗೆದುಕೊಂಡೆ.

ಎಲ್ಲವನ್ನೂ ನೋಡಿಕೊಂಡೆ. ಕಪಾಟುಗಳಿಗೆ ಕೊಂಡಿ, ಫ್ರಿಜ್ಜಿಗೆ ಕೊಂಡಿ, ಮೆಟ್ಟಿಲು ಒಳಗೆ, ಟಿವಿಯ ಆಂಟೆನಾ ಕೆಳಗೆ, ನೀರಿನ ಪೈಪು ಬಿಚ್ಚಿದ್ದಾಯಿತು. ಮೂವತ್ತು ವರ್ಷ ಒಳಗಿನದೆಲ್ಲ ನನ್ನ ಪಾಲಿಗಿತ್ತು. ಒಂದೂ ಮರೆಯಲಿಲ್ಲ. ಆನ್ಸೆಲ್ಮೊ ಮುಂದೆ ನಿಂತು ಕೈ ಬೀಸಿ ಕರೆದ. ಬ್ರೇಕ್ ಬಿಟ್ಟೆ. ಗಾಡಿ ಮುಂದೆ ಹೋಯಿತು. ಅಯ್ಯೋ, ನಾನು ಓಡಿಸುತ್ತಿದ್ದೇನೆ ಅಂದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಪಟಾರ್ ಅಂತ ಸದ್ದು.

ಕರೆಂಟಿನ ತಂತಿ ಬಿಚ್ಚುವುದು ಯಾವಾಗಲೂ ಲೈಲ್‌ನ ಕೆಲಸ. ಅದು ಗಾಡಿಗೂ ಕಂಬಕ್ಕೂ ಸಿಕ್ಕಿಕೊಂಡೇ ಇತ್ತು. ಕಂಬ ಬಗ್ಗಿ, ಅದರ ಪೆಟ್ಟಿಗೆ ಕಿತ್ತು ಬಂದು ನನ್ನ ಗಾಡಿಯ ಹಿಂದೆ ನಾಯಿಯಂತೆ ಎಳೆದುಕೊಂಡು ಬರುತ್ತಿತ್ತು. ಇಡೀ ಸಾಲಿನ ಕರೆಂಟು ಮತ್ತೆ ಹೋಯಿತು.

ಎಲ್ಲ ಬಾಗಿಲೂ ತೆರೆದವು. ಕೂದಲು ಗುಂಗುರು ಮಾಡಲು ತಲೆಗೆಲ್ಲ ಸುರುಳಿ ಸುತ್ತಿಕೊಂಡಿದ್ದ ಡಾಟ್ ಹೊರಗೆ ಬಂದಳು. ಎಲ್ಲರೂ ಆನ್ಸೆಲ್ಮೊನ ಕಡೆ ತಿರುಗಿದರು. ಅವನು ಎರಡೂ ಕೈ ಮೇಲೆತ್ತಿ, "ದೇವರಾಣೆ ಈ ಸಲ ನಾನಲ್ಲ!" ಅಂದ.

ಮರ್ಲ್ ಬಂದು ಬಗ್ಗಿದ ಕಂಬವನ್ನೊಮ್ಮೆ ನನ್ನನ್ನೊಮ್ಮೆ ನೋಡಿದ. "ಭೇಷ್ ಸಿಗ್ನಿ. ಪೆಟ್ರೋಲ್ ಗಾಡೀಲೇ ಇಡೀ ಸಾಲಿನ ಕರೆಂಟು ತೆಗೆದ್ಯಲ್ಲೇ. ಟೋಸ್ಟರ್‌ಗೆ ನೀನೇ ಸರಿಯಾದ ಜೋಡಿ."

ನನಗೆ ನಗು ಬಂದುಬಿಟ್ಟಿತು. ನಿಲ್ಲಲಿಲ್ಲ. ಡಾಟ್‌ಗೂ ಹತ್ತಿತು. ನವೆಂಬರಿನಿಂದ ಈಚೆಗೆ ಹೊಟ್ಟೆ ನೋಯುವ ಹಾಗೆ ನಕ್ಕಿದ್ದು ಇವತ್ತೇ ಇರಬೇಕು.

ಎಲ್ಲರ ಬಾಗಿಲಿಗೂ ಹೋಗಿ ಕ್ಷಮೆ ಕೇಳಿದೆ. ಆನ್ಸೆಲ್ಮೊ ಜೊತೆಗೆ ಬಂದ. "ನನಗೆ ಅಭ್ಯಾಸ ಇದೆ" ಅಂದ. ಯೊಲಾಂಡಾ ಬೈಯುತ್ತಾಳೆ ಅಂದುಕೊಂಡಿದ್ದೆ. "ಹೇಗೂ ಆ ಕಂಬ ಕೀಳೋದೇ ಇತ್ತು" ಅಂದಳು. ಎಷ್ಟು ಒಳ್ಳೆಯ ಜನರ ನಡುವೆ ಇದ್ದೇನೆ.


ಫೆಬ್ರವರಿ 17, ಸೋಮವಾರ

ಬಯಲಿನಲ್ಲಿ ದಿನಾ ಓಡಿಸುತ್ತಿದ್ದೇನೆ. ಆನ್ಸೆಲ್ಮೊ ಹಿಂದೆ ನಿಂತು ಬ್ಯಾಂಡ್ ನಡೆಸುವವನಂತೆ ಕೈಯಾಡಿಸುತ್ತಾನೆ.

ಡಕೋಟಾಕ್ಕೆ ನಾನೇ ಓಡಿಸಿಕೊಂಡು ಹೋಗುವ ಯೋಚನೆಯನ್ನು ಲಿವ್‌ಗೆ ಹೇಳಿದೆ.

"ಅಮ್ಮ, ಬಯಲು ಸುತ್ತೋದು ಬೇರೆ. ಅಪ್ಪ ದಿನಕ್ಕೆ ಆರುನೂರು ಮೈಲಿ ಓಡಿಸ್ತಿದ್ರು. ನಿನ್ನ ಬೆನ್ನು, ನಿನ್ನ ಕಣ್ಣು... ಎರಡನೇ ದಿನಕ್ಕೇ ನಿದ್ದೆ ಹತ್ತಿ ಹಳ್ಳಕ್ಕೆ ಇಳಿಸ್ತೀಯ. ನಾನು ಹೆದ್ರಿಕೊಂಡು ಇಲ್ಲಿ ಕೂತಿರ್ಬೇಕಾ?"

ಅವಳು ಹೇಳುವುದು ಸುಳ್ಳಲ್ಲ. ಸ್ವಲ್ಪ ಓಡಿಸಿದರೆ ಭುಜ ಬಿಗಿಯುತ್ತದೆ. ನಕ್ಷೆ ಹರಡಿ ನೋಡಿದೆ. ಅರಿಜೋನಾದಿಂದ ಡಕೋಟಾದವರೆಗೆ ನನ್ನ ಕೈ ಪೂರಾ ಚಾಚಬೇಕಾಯಿತು. ಮಡಿಸಿಟ್ಟೆ.


ಮಾರ್ಚ್ 2, ಭಾನುವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಆನ್ಸೆಲ್ಮೊಗೆ ಪಟ್ಟಣದಲ್ಲಿ ಚಾರ್ಜ್ ಮಾಡಬೇಕಿತ್ತು. ಆ ಸಹಭೋಜನದ ದಿನದಿಂದ ಯೊಲಾಂಡಾ ಅವನ ಪ್ಲಗ್ಗಿಗೆ ಬೀಗ ಹಾಕಿದ್ದಾಳೆ. ದೀಪ ಉರಿಸಲಷ್ಟೇ ಕರೆಂಟು. ಅವನು ಕರೆದ, ನಾನು ನನ್ನ ಗಾಡಿಯಲ್ಲಿ ಹಿಂದೆ ಹೋದೆ. ಮೊದಲ ಸಲ ಹೆದ್ದಾರಿ! ಲಾರಿ ಪಕ್ಕದಲ್ಲಿ ಹಾದರೆ ಗಾಡಿಯನ್ನು ಒಮ್ಮೆ ಅತ್ತ ಎಳೆದು ಒಮ್ಮೆ ಇತ್ತ ತಳ್ಳುತ್ತದೆ. ಸ್ಟಿಯರಿಂಗನ್ನು ಕರು ಹಿಡಿದ ಹಾಗೆ ಹಿಡಿದುಕೊಂಡಿದ್ದೆ. ಪಟ್ಟಣ ಮುಟ್ಟುವಾಗ ಬೆರಳು ಬಿಡಿಸಲು ಆಗಲಿಲ್ಲ.

ಅಂಗಡಿಗಳ ಹಿಂದಿನ ಬಯಲಿನಲ್ಲಿ ಚಾರ್ಜರು. ನಾನು ನಿಂತು ಕೈ ತೋರಿಸಿದೆ, ಒಂದೇ ಸಲಕ್ಕೆ ಬಿಟ್ಟ, ತಂತಿ ಮುಟ್ಟಿತು.

"ಕ್ಷಮಿಸಿ ಸಿಗ್ನಿ. ಇನ್ನು ಎರಡು ಗಂಟೆ ಕಾಯ್ಬೇಕು."

ನೆರಳಲ್ಲಿ ಕುರ್ಚಿ ಹಾಕಿದೆವು. ಊಟ ಮಾಡಿದೆವು. ಅವನು ಶಾಲೆಯ ಕಥೆ ಹೇಳಿದ, ನಾನು ಗೋಧಿ ಬೆಳೆಯುತ್ತಿದ್ದ ನನ್ನ ಅಜ್ಜನ ಕಥೆ ಹೇಳಿದೆ. ಆಮೇಲೆ ಗಾಡಿಯೊಳಗೆ ಹೋಗಿ ನನ್ನ ಹಾಸಿಗೆಯಲ್ಲೇ ಮಲಗಿದೆ. ಎದ್ದಾಗ ಭುಜ ಸಡಿಲವಾಗಿತ್ತು. ವಾಪಸು ಬರುವಾಗ ಲಾರಿಗಳು ಬಂದವು, ಹೋದವು. ನಾನು ಹಾಡು ಹೇಳಿಕೊಳ್ಳುತ್ತಿದ್ದೆ.

ಪಾರ್ಕಿಗೆ ಬಂದು ಇಳಿದಾಗ ಅವನು ಮತ್ತೆ ಕ್ಷಮೆ ಕೇಳಿದ. "ನಿಮ್ಮ ಇಡೀ ದಿನ ಹಾಳ್ಮಾಡ್ದೆ. ಈ ಗಾಡಿ ಹಣೆಬರಹವೇ ಇಷ್ಟು. ನೂರು ಮೈಲಿ ಓಡತ್ತೆ, ನಿಲ್ಲತ್ತೆ. ನೂರು ಮೈಲಿ ಓಡತ್ತೆ, ನಿಲ್ಲತ್ತೆ. ಮಿನೆಸೋಟಾದಲ್ಲಿ ತಂಗಿ ಇದಾಳೆ, ಅವಳ ಮನೆ ಮುಟ್ಟೋಷ್ಟ್ರಲ್ಲಿ ಅವಳ ಮಕ್ಳಿಗೆ ಮದುವೆ ಆಗಿರತ್ತೆ."

ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ. ಮಿನೆಸೋಟಾ ನಮ್ಮ ಡಕೋಟಾದ ಪಕ್ಕದ್ದೇ.

"ಆನ್ಸೆಲ್ಮೊ, ಮಿನೆಸೋಟಾಕ್ಕೆ ಯಾವ ಕಡೆಯಿಂದ ಹೋಗ್ತೀರಿ?"

"ಎಲ್ಲೆಲ್ಲಿ ಚಾರ್ಜರಿದೆಯೋ ಆ ಕಡೆಯಿಂದ."

"ಡಕೋಟಾದಲ್ಲಿ ಚಾರ್ಜರಿದೆಯಾ?"

ಅವನು ನನ್ನನ್ನೇ ನೋಡಿದ. ಮೀಸೆಯ ಕೆಳಗೆ ನಿಧಾನವಾಗಿ ನಗು ಬಂತು. "ಇಲ್ದೇ ಇದ್ರೂ ಹುಡುಕ್ತೀನಿ."

ಲೈಲ್ ಆರುನೂರು ಮೈಲಿ ಓಡಿಸುತ್ತಿದ್ದ ಅಂತ ನಾನೂ ಓಡಿಸಬೇಕು ಅಂದುಕೊಂಡಿದ್ದೆ. ಎರಡು ಗಂಟೆ ಕಾಯಬೇಕಾದ ಗಾಡಿಯೊಂದು ಮುಂದೆ ಹೋಗುತ್ತಿದ್ದರೆ, ನನಗೆ ಎರಡು ಗಂಟೆ ನಿದ್ದೆ ಸಿಗುತ್ತದೆ. ಅವನಿಗೆ ಹಿಂದೆ ನಿಲ್ಲುವವಳು ಸಿಗುತ್ತಾಳೆ.


ಮಾರ್ಚ್ 8, ಶನಿವಾರ

ಡಾಟ್ ಹೇಳಿ ಎಲ್ಲರನ್ನೂ ಸೇರಿಸಿದಳು. ಬಕೆಟ್ಟು, ಬ್ರಷ್ಷು, ಮೇಣ. ನನ್ನ ಗಾಡಿಯನ್ನು ಚಾವಣಿಯಿಂದ ಚಕ್ರದವರೆಗೆ ತೊಳೆದರು. ಮರ್ಲ್ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಎಲ್ಲಿ ಉಜ್ಜಬೇಕು ಅಂತ ಹೇಳಿದ. ಡಾಟ್ ಕುಂಟುತ್ತಾ ಓಡಾಡಿದಳು. ಅವಳ ಸೊಂಟದ ಕೀಲಿಗೆ ಏಪ್ರಿಲ್‌ನಲ್ಲಿ ಇಲ್ಲೇ ಆಪರೇಶನ್. ಕಂದು ಪಟ್ಟಿ ಇದ್ದ ಕಡೆ ಕ್ಲಿಫರ್ಡ್ ನೀಲಿ ಬಣ್ಣ ಹಚ್ಚಿದ. ಅವನಲ್ಲಿದ್ದ ಬಣ್ಣ ಅದೊಂದೇ. ಚೆನ್ನಾಗಿದೆ.

ಎಲ್ಲ ಮುಗಿದ ಮೇಲೆ ಯೊಲಾಂಡಾ ಫೋಟೋ ತೆಗೆದಳು.


ಮಾರ್ಚ್ 14, ಶುಕ್ರವಾರ

ಯೊಲಾಂಡಾ ಓಡುತ್ತಾ ಬಂದಳು. ಕಂಪನಿಯವರು ಒಪ್ಪಿದ್ದಾರಂತೆ! ಇಡೀ ಪಾರ್ಕಿನಲ್ಲಿ ಒಂದೇ ಒಂದು ಹಳೆಯ ಗಾಡಿ ಒಂದು ವರ್ಷ ಇರಬಹುದು. "ನಿಮ್ಮ ಹೆಸರು ಹೇಳಿದೀನಿ ಸಿಗ್ನಿ. ನೀವು ಎಲ್ಲಿಗೂ ಹೋಗೋದು ಬೇಡ."

ಅವಳ ಕೈ ಹಿಡಿದುಕೊಂಡೆ. ನನಗಾಗಿ ಅವಳು ಎಷ್ಟು ಸಲ ಫೋನ್ ಮಾಡಿದಳೋ. ಆದರೆ ಇಲ್ಲಿ ಬೇಸಿಗೆಯ ಬಿಸಿಲು ನನಗೆ ಆಗುವುದಿಲ್ಲ, ನಾಳೆ ಟೈರು ನೋಡಿಸಲು ಹೋಗಬೇಕು, ಆನ್ಸೆಲ್ಮೊ ಆಗಲೇ ನಿಲ್ಲುವ ಊರುಗಳನ್ನು ಗುರುತು ಹಾಕಿಟ್ಟಿದ್ದಾನೆ. ಅದನ್ನೇ ಹೇಳಿದೆ. ಆ ಜಾಗ ಮರ್ಲ್‌ಗೆ ಕೊಡು ಅಂದೆ. ಡಾಟ್ ಆಪರೇಶನ್ ಮಾಡಿಸಿಕೊಂಡು ಎಲ್ಲಿಗೆ ಹೋಗುತ್ತಾಳೆ?

"ನಿಜವಾಗ್ಲೂ ಹೇಳ್ತಿದೀರಾ?" ಅಂದಳು.

"ಒಂದೂ ತಂತಿ ಕೀಳದೆ ಮುಂದೆ ಹೋಗೋದು ಕಲಿತಿದೀನಿ ಅಂತ ಕಂಪನಿಗೆ ಹೇಳು" ಅಂದೆ.

ಸಂಜೆ ಮರ್ಲ್ ಬಂದು ನನ್ನ ಗಾಡಿಯ ಸುತ್ತ ಎರಡು ಸುತ್ತು ಹಾಕಿದ. ಕೊನೆಗೆ, "ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ" ಅಂದು, ತಾನೇ ಪಂಪು ತಂದು ಹಾಕಿ ಹೋದ.


ಮಾರ್ಚ್ 29, ಶನಿವಾರ

ನಾಳೆ ಹೊರಡುವುದು. ನಾಲ್ಕು ಗಂಟೆಗೆ ಕುರ್ಚಿ ಹೊತ್ತುಕೊಂಡು ಹೋದೆ. ಹೇಗೆ ಹೋಗುತ್ತೀಯ ಅಂತ ಎಲ್ಲರೂ ಕೇಳಿದರು. ಹೇಳಿದೆ. ಬೆಳಿಗ್ಗೆ ಕಾಫಿ ಕುಡಿದು ಹೊರಡುವುದು. ಟೋಸ್ಟರ್ ಮುಂದೆ, ನಾನು ಹಿಂದೆ. ನೂರು ಮೈಲಿಗೆ ಒಂದು ಊರು. ಅವನು ಚಾರ್ಜ್ ಮಾಡುವಷ್ಟು ಹೊತ್ತು ನಾನು ಊಟ, ನಿದ್ದೆ. ಮನಸ್ಸಿದ್ದರೆ ಇನ್ನೊಂದು ನೂರು ಮೈಲಿ. ಇಲ್ಲದಿದ್ದರೆ ಅಲ್ಲೇ ರಾತ್ರಿ. ಮೇ ತಿಂಗಳಿಗೆ ಮುಂಚೆ ಕೆರೆಯ ಹತ್ತಿರ ಇರುತ್ತೇನೆ. ಒಂದೊಂದು ಊರಿನ ಹೆಸರನ್ನೂ ಹೇಳಿದೆ, ಅಲ್ಲಿ ಏನು ತಿನ್ನಬೇಕು ಅಂತಲೂ ಹೇಳಿದೆ.

ಯಾರೂ ತಮಾಷೆ ಮಾಡಲಿಲ್ಲ. ವಿಲ್ಮಾ ಕೆನ್ನೆಗೆ ಕೈ ಕೊಟ್ಟು ಕೇಳಿದಳು. ಕೊನೆಯ ಸಾಲಿನ ಅಕ್ಕತಂಗಿಯರು, ಮಾಬೆಲ್ ಮತ್ತು ಫೇ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರೂ ಸೋಮವಾರದೊಳಗೆ ಜಾಗ ಬಿಡಬೇಕು. ಗಾಡಿಯನ್ನು ಗುಜರಿಗೆ ಹಾಕಿ ವಿಮಾನ ಹತ್ತುತ್ತೇವೆ ಅನ್ನುತ್ತಿದ್ದರು, ಪಾಪ.

ಲಿವ್‌ಗೆ ಫೋನ್ ಮಾಡಿದೆ. ನಿಲ್ಲುವ ಊರುಗಳನ್ನು ಬರೆದುಕೊಂಡಳು. ಕೊನೆಗೆ, "ಪ್ರತಿ ನಿಲುಗಡೆಯಲ್ಲೂ ಒಂದು ಫೋನ್" ಅಂದಳು. ಹಾಗಾದರೆ ಇಷ್ಟು ವರ್ಷದಲ್ಲಿ ಮಾತಾಡಿದ್ದಕ್ಕಿಂತ ಹೆಚ್ಚು ಮಾತಾಡುತ್ತೇವೆ ಅಂದೆ. ಇಬ್ಬರೂ ಅತ್ತು ನಕ್ಕೆವು.


ಮಾರ್ಚ್ 30, ಭಾನುವಾರ

ಆನ್ಸೆಲ್ಮೊನ ಗಾಡಿ ಚಾರ್ಜ್ ಆಗುತ್ತಿದೆ. ಅದರ ನೆರಳಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಲ್ಲ ಸರಿಯಾಗಿದೆಯೇ ಅಂತ ನೋಡಿ, ಹತ್ತಿ ಕೂತು ಕೀಲಿ ತಿರುಗಿಸಿದೆ. ಇಂಜಿನ್ ಕೆಮ್ಮಿ, ಗುರ್ರೆಂದು ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಇಂಜಿನ್ ಗುರ್ರೆಂದಿತು. ಗುಡ್ಡಕ್ಕೆ ಬಡಿದು ವಾಪಸು ಬಂದ ಸದ್ದು ಅಂದುಕೊಂಡೆ. ಮೂರನೆಯದೂ ಕೇಳಿದಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದೆ.

ನನ್ನ ಹಿಂದೆ ಕ್ಲಿಫರ್ಡ್ ಮತ್ತು ವಿಲ್ಮಾ. ಅವರ ಹಿಂದೆ ಅಕ್ಕತಂಗಿಯರ ಗಾಡಿ, ಸ್ಟಿಯರಿಂಗಿನ ಮೇಲೆ ಫೇಯ ಹಣೆ ಮಾತ್ರ ಕಾಣುತ್ತಿತ್ತು.

"ನೀವೆಲ್ಲಿಗೆ?" ಕೂಗಿದೆ.

"ಉತ್ತರಕ್ಕೆ!" ವಿಲ್ಮಾ ಕೂಗಿದಳು. "ಮೂರು ದಿನದಲ್ಲಿ ಮುಟ್ಟೋಣ ಅಂತ ಇವ್ನು ಹಟ ಮಾಡ್ತಿದ್ದ. ಈಗ ನೂರು ಮೈಲಿಗೊಂದ್ಸಲ ನಿಲ್ಲೋದು ಅಂದ್ಮೇಲೆ ನಾನೂ ಹತ್ತಿದೆ. ಇವ್ನಿಗೆ ಹೇಗೂ ಐವತ್ತು ಮೈಲಿಗೇ ಒಂದಕ್ಕೆ ಅಂತ ಇಳೀಬೇಕಾಗತ್ತೆ!"

ಆನ್ಸೆಲ್ಮೊ ಇಳಿದು ಬಂದು ಸಾಲನ್ನು ಗಾಬರಿಯಿಂದ ನೋಡಿದ. "ಚಾರ್ಜ್ ಆಗೋಕೆ ಎರಡು ಗಂಟೆ ಬೇಕು. ಗೊತ್ತಲ್ಲ ಎಲ್ಲರಿಗೂ?"

"ಸೂಪ್ ಬೇಯೋಕೂ ಅಷ್ಟು ಬೇಕಪ್ಪ" ಅಂದಳು ಮಾಬೆಲ್.

ಡಾಟ್ ಮೆಟ್ಟಿಲ ಮೇಲೆ ನಿಂತು ಎರಡೂ ಕೈಯಲ್ಲಿ ಮುತ್ತು ಎಸೆದಳು. ಮರ್ಲ್ ಗೇಟಿನ ತನಕ ಮುಂದೆ ನಡೆದುಕೊಂಡು ಹೋಗಿ, ರಸ್ತೆಯ ನಡುವೆ ನಿಂತು, ಬರುತ್ತಿದ್ದ ಗಾಡಿಗಳನ್ನು ತಡೆದ. ಮೊದಲು ಆನ್ಸೆಲ್ಮೊನ ಗಾಡಿ ಸದ್ದಿಲ್ಲದೆ ದಾಟಿತು. ಅದರ ಹಿಂದೆ ನಾವು, ಹೊಗೆ ಬಿಡುತ್ತಾ, ಗುಡುಗುತ್ತಾ.

ತಡೆದು ನಿಲ್ಲಿಸಿದವರಲ್ಲಿ ಯಾರೋ ಒಬ್ಬ ಬಿಡದೆ ಹಾರ್ನ್ ಹೊಡೆಯುತ್ತಿದ್ದ. ನಾವು ಯಾರೂ ಅವಸರ ಮಾಡಲಿಲ್ಲ.